ಸೌದೆ ಒಡೆದರೆ ಬಿಸಿನೀರು: ಹುಡುಗರ ಶಾಲೆಗಳ ಬಯಲು ಪಾಠ ಎಷ್ಟು ಗಟ್ಟಿ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್‌ನಿಂದ ಈಶಾನ್ಯಕ್ಕೆ ಒಂದಷ್ಟು ಗಂಟೆಗಳ ದಾರಿ ಸವೆಸಿದರೆ ಮ್ಯಾನ್ಸ್‌ಫೀಲ್ಡ್ ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಅದರಾಚೆ, ನೀಲಗಿರಿ ಮರಗಳ ಕಾಡಿನ ನಡುವೆ, ಬೆಟ್ಟದ ಬುಡದಲ್ಲಿ ಟಿಂಬರ್‌ಟಾಪ್ ಇದೆ. ಜೀಲಾಂಗ್ ಗ್ರಾಮರ್ ಎಂಬ ಹಳೆಯ, ಉಳ್ಳವರ ಶಾಲೆಯ ಒಂಬತ್ತನೇ ತರಗತಿಯವರು ಇಡೀ ಒಂದು ವರ್ಷವನ್ನು ಇಲ್ಲಿ ಕಳೆಯುತ್ತಾರೆ. ಹದಿನೈದು-ಹದಿನಾರು ಮಂದಿಗೆ ಒಂದರಂತೆ ಮನೆ. ಮೊಬೈಲ್ ಇಲ್ಲ, ಊರಿಗೆ ಕಾಗದ ಬರೆಯಬೇಕು. ಸ್ನಾನದ ನೀರು ಕಾಯುವುದು ಸೌದೆಯ ಬಾಯ್ಲರ್‌ನಲ್ಲಿ. ಸೌದೆಯ ಸರದಿ ಯಾರದ್ದೋ ಅವನು ಮೈಗಳ್ಳತನ ಮಾಡಿದರೆ ಅಂದು ಸಂಜೆ ಆ ಮನೆಯವರೆಲ್ಲರಿಗೂ ತಣ್ಣೀರು.

ಇದನ್ನು ಓದಿದ ಮಲೆನಾಡಿನವರಿಗೆ ನಗು ಬರಬೇಕು. ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಳೆಗಾಲದ ಹಸಿ ಸೌದೆಗೆ ಶಾಪ ಹಾಕುತ್ತ, ಒಣ ಅಡಿಕೆ ಹಾಳೆಯನ್ನೂ ತೆಂಗಿನ ಗರಿಯನ್ನೂ ತುರುಕಿ, ಊದುಗೊಳವೆಯಲ್ಲಿ ಉಸಿರು ಕಟ್ಟುವ ತನಕ ಊದಿ, ಹೊಗೆಗೆ ಕಣ್ಣೀರು ಸುರಿಸಿಕೊಂಡು ಹಂಡೆ ಕಾಯಿಸಿದವರು ನಾವು. ಮನೆಗೆ ನೆಂಟರು ಬಂದ ದಿನವೇ ಉರಿ ಆರಿಹೋಗಿ ಬೈಸಿಕೊಂಡವರು. ಅದನ್ನು ಆಗ ಯಾರೂ ಶಿಕ್ಷಣ ಎಂದು ಕರೆಯಲಿಲ್ಲ, ಸರ್ಟಿಫಿಕೇಟಂತೂ ಕೊಡಲಿಲ್ಲ. ಟಿಂಬರ್‌ಟಾಪ್‌ನ ವರ್ಷದ ಶುಲ್ಕವಾದರೋ 80 ಸಾವಿರ ಆಸ್ಟ್ರೇಲಿಯನ್ ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ 40 ಲಕ್ಷ ರೂಪಾಯಿಗೂ ಮೇಲೆ.

ನಕ್ಕು ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮಕ್ಕಳನ್ನು, ಅದರಲ್ಲೂ ಹುಡುಗರನ್ನು, ಕಾಡಿಗೆ ಕಳಿಸಿದರೆ ಅವರ ನಡತೆ ತಿದ್ದುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಅದು ನಿಜವೇ? ಈಗ ಬೆಂಗಳೂರಿನ ಶಾಲೆಗಳೂ ಇದೇ ನಂಬಿಕೆಯನ್ನು ಎರಡು ರಾತ್ರಿ ಮೂರು ಹಗಲಿನ ಪೊಟ್ಟಣ ಕಟ್ಟಿ ಪೋಷಕರಿಗೆ ಕೊಡುತ್ತಿವೆ. ಹಾಗಾಗಿ ಪ್ರಶ್ನೆ ಆಸ್ಟ್ರೇಲಿಯಾದಲ್ಲೇ ಉಳಿದಿಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲಸ ಮಾಡುವುದು ಬಾಯ್ಲರ್. ಬೆಟ್ಟಕ್ಕೆ ನಾವು ಕೊಟ್ಟ ಕೀರ್ತಿಯಲ್ಲಿ ಬಹುಪಾಲು ಬಾಯ್ಲರ್‌ಗೆ ಸಲ್ಲಬೇಕಾದದ್ದು.

ಈ ಪರಂಪರೆಯ ಮೂಲಪುರುಷ ಕುರ್ಟ್ ಹಾನ್. 1886ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ಜರ್ಮನ್ ಸಾಮ್ರಾಜ್ಯದ ಕೊನೆಯ ದಿನಗಳಲ್ಲಿ ಚಾನ್ಸಲರ್ ಆಗಿದ್ದ ರಾಜಕುಮಾರ ಮ್ಯಾಕ್ಸ್ ಅವರ ಕಾರ್ಯದರ್ಶಿಯಾಗಿದ್ದವರು. ಯುದ್ಧ ಸೋತ ದೇಶದಲ್ಲಿ ಹೊಸ ಪೀಳಿಗೆಯನ್ನು ಬೇರೆ ರೀತಿ ಬೆಳೆಸಬೇಕೆಂದು ಇಬ್ಬರೂ ಸೇರಿ 1920ರಲ್ಲಿ ಸಾಲೆಮ್ ಎಂಬಲ್ಲಿ ಶಾಲೆ ತೆರೆದರು. 1932ರಲ್ಲಿ ನಾತ್ಸಿ ಪುಂಡರು ಒಬ್ಬ ಕಾರ್ಮಿಕನನ್ನು ಅವನ ತಾಯಿಯ ಕಣ್ಣೆದುರೇ ತುಳಿದು ಕೊಂದರು. ಹಿಟ್ಲರ್ ಆ ಕೊಲೆಗಾರರ ಬೆನ್ನಿಗೆ ನಿಂತ. ಹಾನ್ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾಗದ ಬರೆದು, ಸಾಲೆಮ್ ಅಥವಾ ಹಿಟ್ಲರ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಮರುವರ್ಷ ಸೆರೆಮನೆ. ಬ್ರಿಟನ್‌ನ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮಧ್ಯೆ ಬಂದ ಮೇಲೆ ಬಿಡುಗಡೆಯಾಗಿ ಅಲ್ಲಿಗೇ ವಲಸೆ ಹೋದರು. 1934ರಲ್ಲಿ ಸ್ಕಾಟ್ಲೆಂಡಿನ ಉತ್ತರ ಕರಾವಳಿಯಲ್ಲಿ ಗಾರ್ಡನ್‌ಸ್ಟನ್ ಎಂಬ ಹುಡುಗರ ಶಾಲೆ ಆರಂಭವಾಯಿತು.

ಹಾನ್ ಎಂದರೆ ಇವತ್ತಿನ ಜನಕ್ಕೆ ನೆನಪಾಗುವುದು ಮುಂಜಾನೆಯ ಓಟ, ತಣ್ಣೀರ ಸ್ನಾನ. ಬ್ರಿಟನ್‌ನ ಈಗಿನ ದೊರೆ ಚಾರ್ಲ್ಸ್ ಬಾಲ್ಯದಲ್ಲಿ ಅಲ್ಲಿ ಓದಿ ಕಷ್ಟಪಟ್ಟ ಕಥೆಯೂ ಎಲ್ಲರಿಗೂ ಗೊತ್ತು. ಆದರೆ ಹಾನ್ ಅವರ ಏರ್ಪಾಡಿನ ತಿರುಳು ಬೇರೆ. ಶಾಲೆಯ ಹುಡುಗರು ಕರಾವಳಿ ಕಾವಲಿಗೆ ಹೋಗುತ್ತಿದ್ದರು. ಬಿರುಗಾಳಿಯ ರಾತ್ರಿ ಕಡಲ ಕಡೆ ಕಣ್ಣಿಟ್ಟು, ಸಂಕಟದಲ್ಲಿರುವ ದೋಣಿ ಕಂಡರೆ ಸುದ್ದಿ ಮುಟ್ಟಿಸುವುದು ಅವರ ಕೆಲಸ. ಮುಂದೆ ಅಗ್ನಿಶಾಮಕ ದಳ, ಪರ್ವತ ರಕ್ಷಣಾ ದಳಗಳೂ ಸೇರಿದವು. ಹದಿನಾರರ ಹುಡುಗ ತೂಕಡಿಸಿದರೆ ನಿಜವಾಗಿಯೂ ಯಾರಾದರೂ ಮುಳುಗಬಹುದಿತ್ತು. ಇಲ್ಲಿ ಕಷ್ಟವನ್ನು ಹುಡುಗನಿಗಾಗಿ ಹೊಸೆದು ಕೊಟ್ಟಿರಲಿಲ್ಲ. ಕಷ್ಟ ಮೊದಲೇ ಇತ್ತು, ಹುಡುಗ ಅದಕ್ಕೆ ಹೆಗಲು ಕೊಟ್ಟ.

ಎರಡನೇ ಮಹಾಯುದ್ಧ ಈ ಯೋಚನೆಗೆ ಇನ್ನೊಂದು ರೂಪ ಕೊಟ್ಟಿತು. ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದ ಕಾಲ ಅದು. ಜೀವರಕ್ಷಕ ದೋಣಿಗಳಲ್ಲಿ ಗಟ್ಟಿಮುಟ್ಟಾದ ತರುಣರಿಗಿಂತ ಹಳೆಯ ನಾವಿಕರೇ ಹೆಚ್ಚು ಬದುಕಿ ಬರುತ್ತಿದ್ದಾರೆ ಎಂಬ ಮಾತು ಹಡಗು ಕಂಪನಿಯ ಒಡೆಯ ಲಾರೆನ್ಸ್ ಹೋಲ್ಟ್ ಅವರನ್ನು ಕಾಡಿತು. ಹೋಲ್ಟ್ ಹಣ ಕೊಟ್ಟರು, ಹಾನ್ ಪಾಠಕ್ರಮ ಕೊಟ್ಟರು. 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಶುರುವಾಯಿತು. ಬಂದರು ಬಿಟ್ಟು ಕಡಲಿಗೆ ಹೊರಟ ಹಡಗನ್ನು ನಾವಿಕರು ಕರೆಯುವ ಹೆಸರದು. ಒಂದೊಂದು ತಂಡಕ್ಕೂ ಸುಮಾರು ನಾಲ್ಕು ವಾರಗಳ ತರಬೇತಿ. ನಾಲ್ಕು ವಾರ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1956ರಲ್ಲಿ, ಸೇವೆ, ಚಾರಣದಂಥ ಸವಾಲುಗಳನ್ನು ಪೂರೈಸಿದ ಹರೆಯದವರಿಗೆ ಮನ್ನಣೆ ಕೊಡುವ ಎಡಿನ್‌ಬರೋ ಡ್ಯೂಕ್ ಪ್ರಶಸ್ತಿ ಯೋಜನೆ ಬಂತು. ಡ್ಯೂಕ್ ಫಿಲಿಪ್ ಸ್ವತಃ ಹಾನ್ ಅವರ ಶಿಷ್ಯ, ಸಾಲೆಮ್‌ನಲ್ಲೂ ಗಾರ್ಡನ್‌ಸ್ಟನ್‌ನಲ್ಲೂ ಓದಿದವರು. ಯೋಜನೆಯ ಹೊಣೆ ಹೊತ್ತವರು 1953ರ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್. ಮೊದಲಿಗೆ ಅದು ಹುಡುಗರಿಗೆ ಮಾತ್ರ. ಎರಡು ವರ್ಷದ ನಂತರ ಹುಡುಗಿಯರಿಗೂ ತೆರೆದಾಗ ಅವರಿಗಾಗಿ ಪ್ರತ್ಯೇಕ ಪಠ್ಯವನ್ನೇ ಮಾಡಿ, ಮನೆವಾರ್ತೆಗೆ ಸಂಬಂಧಿಸಿದ ವಿಭಾಗವೊಂದನ್ನು ಸೇರಿಸಿದರು. ಈ ಸಣ್ಣ ಸಂಗತಿಗೆ ಮತ್ತೆ ಬರುತ್ತೇನೆ.

ಟಿಂಬರ್‌ಟಾಪ್ ಇದೇ ಮರದ ಒಂದು ಕೊಂಬೆ. ಜೀಲಾಂಗ್ ಗ್ರಾಮರ್‌ನಲ್ಲಿ 1930ರಿಂದ 1961ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಜೇಮ್ಸ್ ಡಾರ್ಲಿಂಗ್ ಅದನ್ನು 1953ರಲ್ಲಿ ತೆರೆದರು. ಆಗ ಅದು ಹುಡುಗರ ಶಾಲೆ; ಹುಡುಗಿಯರು ಬಂದದ್ದು ಎಪ್ಪತ್ತರ ದಶಕದಲ್ಲಿ. ಹದಿನಾಲ್ಕು-ಹದಿನೈದರ ಹುಡುಗ ತರಗತಿಯಲ್ಲಿ ಕೂತು ಚಡಪಡಿಸುತ್ತಾನೆ, ಅವನ ಚೈತನ್ಯಕ್ಕೆ ಬೇರೆ ದಾರಿ ಬೇಕು ಎಂಬುದು ಡಾರ್ಲಿಂಗ್ ಅವರ ಲೆಕ್ಕ. ಪಾಠವೂ ಇರುತ್ತದೆ, ವಾರಾಂತ್ಯದಲ್ಲಿ ಬೆಟ್ಟ ಹತ್ತುವುದೂ ಇರುತ್ತದೆ, ವಾರದ ನಡುವೆ ಗುಡ್ಡಗಾಡು ಓಟವೂ ಇರುತ್ತದೆ. 1966ರಲ್ಲಿ ಎರಡು ಅವಧಿಗೆ ಬಂದುಹೋದ ಚಾರ್ಲ್ಸ್ ಅಲ್ಲಿ ಸೌದೆ ಒಡೆದರು. ಗಾರ್ಡನ್‌ಸ್ಟನ್ ಬಗ್ಗೆ ಒಳ್ಳೆಯ ಮಾತಾಡಲು ತಡವರಿಸುವ ಅದೇ ವ್ಯಕ್ತಿ ಟಿಂಬರ್‌ಟಾಪ್ ಅನ್ನು ಮಾತ್ರ ಪ್ರೀತಿಯಿಂದಲೇ ನೆನೆಯುತ್ತ ಬಂದಿದ್ದಾರೆ. ಒಂದೇ ತತ್ವದ ಎರಡು ಶಾಲೆಗಳು, ಒಬ್ಬನೇ ಹುಡುಗ, ಎರಡು ಅನುಭವ. ತತ್ವಕ್ಕಿಂತ ಹೆಚ್ಚಾಗಿ ಅಲ್ಲಿನ ಜನ, ಅಲ್ಲಿನ ದಿನಚರಿ ಮುಖ್ಯವಾಯಿತೇನೋ ಎಂಬ ಗುಮಾನಿ ಇಲ್ಲಿಂದಲೇ ಶುರುವಾಗಬೇಕು.

ಈಗ ಸಾಕ್ಷ್ಯದ ಮಾತು. ಶೀಲ, ಚಾರಿತ್ರ್ಯ ಎಂಬ ಪದಗಳನ್ನು ನಾವು ಬಳಸುವ ರೀತಿ ನೋಡಿದರೆ, ಅದು ಮನುಷ್ಯನೊಳಗೆ ಒಮ್ಮೆ ತುಂಬಿಸಿಟ್ಟರೆ ಆಯುಷ್ಯಪೂರ್ತಿ ಇರುವ ದ್ರವ್ಯ ಎನ್ನುವಂತಿರುತ್ತದೆ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಸುಮಾರು 11 ಸಾವಿರ ಶಾಲಾ ಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು, ಕದಿಯಲು ಸಣ್ಣಪುಟ್ಟ ಅವಕಾಶಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಇಟ್ಟು ನೋಡಿದರು. ಪ್ರಾಮಾಣಿಕ ಮಕ್ಕಳು ಒಂದು ಕಡೆ, ಅಪ್ರಾಮಾಣಿಕರು ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಆಗಲಿಲ್ಲ. ಲೆಕ್ಕದ ಪರೀಕ್ಷೆಯಲ್ಲಿ ನಕಲು ಮಾಡಿದವನು ಆಟದ ಮೈದಾನದಲ್ಲಿ ನೇರವಾಗಿದ್ದ. ಅಲ್ಲಿ ನೇರವಾಗಿದ್ದವನು ಮನೆಯಲ್ಲಿ ಸುಳ್ಳು ಹೇಳಿದ. ಸನ್ನಿವೇಶ ಬದಲಾದಂತೆ ನಡತೆಯೂ ಬದಲಾಯಿತು. ಶೀಲದ ಬಗ್ಗೆ ಪಾಠ ಹೇಳಿಸಿಕೊಂಡ ಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ.

ಈ ಎಳೆಯನ್ನು ಹಿಡಿದೇ ಆಸ್ಟ್ರೇಲಿಯಾದ ಹೊರಾಂಗಣ ಶಿಕ್ಷಣ ತಜ್ಞ ಆಂಡ್ರ್ಯೂ ಬ್ರೂಕ್ಸ್ 2003ರಲ್ಲಿ ಹಾನ್ ಪರಂಪರೆಯ ಬುಡಕ್ಕೇ ಕೊಡಲಿ ಹಾಕಿದರು. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಬೆಟ್ಟದ ಮೇಲೆ ಹುಡುಗ ಧೈರ್ಯವಾಗಿ, ಉದಾರವಾಗಿ ನಡೆದುಕೊಂಡ ಎಂದರೆ ಬೆಟ್ಟದ ಮೇಲಿನ ಸನ್ನಿವೇಶ ಅವನಿಂದ ಅದನ್ನು ಹೊರಡಿಸಿತು, ಅಷ್ಟೇ. ಸನ್ನಿವೇಶ ಬೆಟ್ಟದಲ್ಲೇ ಉಳಿಯುತ್ತದೆ, ಹುಡುಗ ಬಸ್ ಹತ್ತಿ ಮನೆಗೆ ಬರುತ್ತಾನೆ. ನಾಲ್ಕು ದಿನ ಹತ್ತಿರದಿಂದ ನೋಡಿದ ಮೇಷ್ಟರಿಗೆ ಅವನು ಬದಲಾದಂತೆ ಕಾಣುತ್ತಾನೆ. ಆ ಬದಲಾವಣೆ ಹುಡುಗನದ್ದು ಎಂದು ಅವರು ನಂಬುತ್ತಾರೆ, ಅದು ಜಾಗದ್ದು.

ವಾದ ಚೂಪಾಗಿದೆ, ಆದರೆ ಪೂರ್ತಿ ಒಪ್ಪಲು ನನಗೆ ಅಡ್ಡ ಬರುವುದು ಇನ್ನೊಂದು ಅಧ್ಯಯನ. ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ ಸಾಹಸ ಶಿಕ್ಷಣದ ಬಗೆಗಿನ 96 ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿದರು. ಶಿಬಿರ ಮುಗಿದ ಕೂಡಲೇ ಸಾಧಾರಣ ಪ್ರಮಾಣದ ಸುಧಾರಣೆ ಕಂಡಿತು. ಅಂಕಿಯಲ್ಲಿ 0.34 ಎನ್ನುತ್ತಾರೆ, ತರಗತಿಯ ನಡುಭಾಗದಲ್ಲಿದ್ದ ಹುಡುಗ ನೂರರಲ್ಲಿ ಹದಿಮೂರು ಮಂದಿಯನ್ನು ದಾಟಿ ಮುಂದೆ ಹೋದಷ್ಟು. ಅಚ್ಚರಿಯೆಂದರೆ ತಿಂಗಳುಗಳು ಕಳೆದ ಮೇಲೆ ಅದು ಇಳಿಯುವ ಬದಲು ಮತ್ತಷ್ಟು ಏರಿತ್ತು. ಬೇರೆ ಶಾಲಾ ಪ್ರಯೋಗಗಳಲ್ಲಿ ಇದು ಅಪರೂಪ. ಆದರೆ ಇಲ್ಲಿ ಎರಡು ಮಾತನ್ನು ಸೇರಿಸಿ ಓದಬೇಕು. ಅಳೆದದ್ದರಲ್ಲಿ ಹೆಚ್ಚಿನಂಶ ಭಾಗವಹಿಸಿದವರು ತಮ್ಮ ಬಗ್ಗೆ ತಾವೇ ತುಂಬಿಕೊಟ್ಟ ಪ್ರಶ್ನಾವಳಿ. ಜೊತೆಗೆ, ಒಳ್ಳೆಯ ಫಲ ಬಂದದ್ದು ದೀರ್ಘ ಶಿಬಿರಗಳಲ್ಲಿ, ಇಪ್ಪತ್ತು ದಿನ ಮೀರಿದವುಗಳಲ್ಲಿ. ಅಬರ್‌ಡೋವಿಯ ನಾಲ್ಕು ವಾರಗಳನ್ನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ನಾಲ್ಕು ವಾರದ ಔಷಧಿಯನ್ನು ಮೂರು ದಿನಕ್ಕೆ ಇಳಿಸಿ, ಗುಣ ಮಾತ್ರ ನಾಲ್ಕು ವಾರದ್ದೇ ಎಂದು ಚೀಟಿ ಅಂಟಿಸಿದರೆ ಅದನ್ನು ವೈದ್ಯ ಎನ್ನುವುದಿಲ್ಲ, ವ್ಯಾಪಾರ ಎನ್ನುತ್ತಾರೆ.

ಮೂರು ದಿನದಲ್ಲಿ ಏನಾಗುತ್ತದೆ? ಮೊದಲ ದಿನ ಉತ್ಸಾಹ, ಎರಡನೇ ದಿನ ಆಯಾಸ, ಮೂರನೇ ದಿನ ಬಸ್ಸು. ಒಟ್ಟಿಗೆ ಬಾಳುವುದರ ನಿಜವಾದ ಕಷ್ಟ ಶುರುವಾಗುವುದು ಎರಡನೇ ವಾರಕ್ಕೆ. ಆ ಹೊತ್ತಿಗೆ ಪಕ್ಕದವನ ಗೊರಕೆ, ಅವನ ಸೋಂಬೇರಿತನ, ಊಟದಲ್ಲಿ ಅವನು ಹೆಚ್ಚು ಬಡಿಸಿಕೊಳ್ಳುವ ಚಾಳಿ ಎಲ್ಲ ಗೊತ್ತಾಗಿರುತ್ತದೆ, ನಮ್ಮದೂ ಅವನಿಗೆ ಗೊತ್ತಾಗಿರುತ್ತದೆ. ಅವನು ಸೌದೆ ಒಡೆಯಲಿಲ್ಲ, ನನಗೆ ತಣ್ಣೀರಾಯಿತು. ಜಗಳ. ಮಾರನೆಯ ದಿನವೂ ಅವನೊಂದಿಗೇ ಇರಬೇಕು. ರಾಜಿ. ಒಂದು ವರ್ಷದಲ್ಲಿ ಇದು ನೂರು ಸಲ ನಡೆದರೆ ಅದನ್ನು ಅಭ್ಯಾಸ ಎನ್ನಬಹುದು. ಬಾಯ್ಲರ್‌ನ ಗುಣವೆಂದರೆ ಅದು ಭಾಷಣ ಮಾಡುವುದಿಲ್ಲ, ಅಂಕ ಕೊಡುವುದಿಲ್ಲ, ಹೊಗಳುವುದೂ ಇಲ್ಲ. ಸೌದೆ ಹಾಕಿದರೆ ನೀರು ಕಾಯುತ್ತದೆ.

ಭಾರತದಲ್ಲಿ ಈ ಪರಂಪರೆಗೆ ಅತ್ಯಂತ ಹತ್ತಿರವಾದದ್ದು ಡೆಹರಾಡೂನ್‌ನ ಡೂನ್ ಶಾಲೆ. 1935ರಲ್ಲಿ ಆರಂಭವಾದ ಹುಡುಗರ ವಸತಿ ಶಾಲೆ, ಇವತ್ತಿಗೂ ಹುಡುಗರದ್ದೇ. ಅದರ ಮೊದಲ ತಲೆಮಾರಿನ ಮೇಷ್ಟರುಗಳಲ್ಲಿ ಪರ್ವತಾರೋಹಿಗಳ ದಂಡೇ ಇತ್ತು. ಹೋಲ್ಡ್ಸ್‌ವರ್ತ್ 1931ರಲ್ಲಿ ಕಾಮೆಟ್ ಶಿಖರ ಹತ್ತಿದ ತಂಡದವರು. ತುದಿಯಲ್ಲಿ ಕೂತು ಪೈಪ್ ಸೇದಿದರೆಂದು ಪ್ರಸಿದ್ಧರು. ಜಾನ್ ಮಾರ್ಟಿನ್, ಜ್ಯಾಕ್ ಗಿಬ್ಸನ್ ಇನ್ನಿಬ್ಬರು. ಇವರ ನಂತರ ಬಂದ ಭೂಗೋಳದ ಮೇಷ್ಟರು ಗುರ್‌ದಯಾಲ್ ಸಿಂಗ್ 1951ರಲ್ಲಿ ತ್ರಿಶೂಲ್ ಏರಿದಾಗ, ಭಾರತೀಯರ ಪರ್ವತಾರೋಹಣ ಅಲ್ಲಿಂದ ಶುರುವಾಯಿತು ಎಂದು ಚರಿತ್ರೆಕಾರರು ಲೆಕ್ಕ ಹಿಡಿದರು. ಅದೇ ಶಾಲೆಯಲ್ಲಿ ಓದಿದ ನಂದು ಜಯಾಲ್ 1954ರಲ್ಲಿ ಡಾರ್ಜಿಲಿಂಗ್ ಪರ್ವತಾರೋಹಣ ಸಂಸ್ಥೆಯ ಮೊದಲ ಪ್ರಾಂಶುಪಾಲರಾದರು. ನಾಲ್ಕು ವರ್ಷದ ನಂತರ ಚೋ ಓಯು ಪರ್ವತ ಅವರ ಜೀವವನ್ನು ತೆಗೆದುಕೊಂಡಿತು.

ಶಿಖರಗಳ ಈ ಪಟ್ಟಿ ಹೊಳೆಯುವಂಥದ್ದೇ. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಆ ಶಾಲೆಯ ‘ಮಿಡ್‌ಟರ್ಮ್’. ಅವಧಿಯ ನಡುವೆ ಕೆಲವು ದಿನ ಹುಡುಗರು ಗುಂಪುಕಟ್ಟಿ ಗುಡ್ಡಗಾಡಿಗೆ ಹೊರಡುತ್ತಾರೆ. ದೊಡ್ಡ ಹುಡುಗರಾದರೆ ದಾರಿ ಯಾವುದು, ಅಕ್ಕಿ-ಬೇಳೆ ಎಷ್ಟು, ಖರ್ಚೆಷ್ಟು ಎಂಬುದೆಲ್ಲ ಅವರದ್ದೇ ಲೆಕ್ಕ. ಉಪ್ಪು ಮರೆತರೆ ಉಪ್ಪಿಲ್ಲದ ಬೇಳೆ ತಿನ್ನುವುದೂ ಅವರೇ. ಒಂದು ಹಿಡಿ ಉಪ್ಪು ಮರೆತು ಮೂರು ಹೊತ್ತು ಸಪ್ಪೆ ಉಂಡವನಿಗೆ ಹೊಣೆಗಾರಿಕೆಯ ಮೇಲೆ ಪವರ್‌ಪಾಯಿಂಟ್ ತೋರಿಸಬೇಕಾಗಿಲ್ಲ.

ನಮ್ಮ ರಾಜ್ಯದಲ್ಲೂ ಹುಡುಗರನ್ನು ಗಟ್ಟಿ ಮಾಡುವ ಶಾಲೆಗಳಿಗೆ ಹಳೆಯ ಇತಿಹಾಸವಿದೆ. ಬೆಳಗಾವಿ ಮತ್ತು ಬೆಂಗಳೂರಿನ ಮಿಲಿಟರಿ ಶಾಲೆಗಳು ಸ್ವಾತಂತ್ರ್ಯಕ್ಕೆ ಮುಂಚಿನವು, ವಿಜಯಪುರದ ಸೈನಿಕ ಶಾಲೆ 1963ರದ್ದು, ಕೊಡಗಿನದ್ದು 2007ರದ್ದು. ರಾಜ್ಯದ ಸಾಹಸ ಅಕಾಡೆಮಿಗೆ ಇಟ್ಟಿರುವ ಹೆಸರು ಜನರಲ್ ತಿಮ್ಮಯ್ಯನವರದು. ಅವರೂ ಬೆಂಗಳೂರಿನ ಬಿಷಪ್ ಕಾಟನ್ ಹುಡುಗರ ಶಾಲೆಯಲ್ಲಿ ಕೂತೆದ್ದವರು. ಇವುಗಳ ದಾರಿ ಸೇನೆಯ ಶಿಸ್ತಿನದು, ಹಾನ್ ದಾರಿಯಲ್ಲ. ಕವಾಯತು ಸಾಲು ತಪ್ಪದಂತೆ ನಡೆಯುವುದನ್ನು ಕಲಿಸುತ್ತದೆ. ಸಾಲೇ ಇಲ್ಲದ ಕಡೆ ಏನು ಮಾಡಬೇಕೆಂಬುದು ಬೇರೆ ಪಾಠ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ‘ವ್ಯಕ್ತಿತ್ವ ವಿಕಸನ’ ಎನ್ನುವ ರೂಢಿ ನಮ್ಮಲ್ಲಿದೆ.

ಸೈನಿಕ ಶಾಲೆಗಳ ಬಾಗಿಲನ್ನು ಹುಡುಗಿಯರಿಗೂ ತೆರೆಯಲಾಗುವುದೆಂದು ಪ್ರಧಾನಿ ಕೆಂಪುಕೋಟೆಯಿಂದ ಸಾರಿದ್ದು 2021ರ ಸ್ವಾತಂತ್ರ್ಯ ದಿನದಂದು. ಅಲ್ಲಿಯವರೆಗೆ ಧೈರ್ಯ, ತಾಳ್ಮೆ, ನಾಯಕತ್ವವೆಲ್ಲ ಹೆಚ್ಚುಕಡಿಮೆ ಹುಡುಗರ ಪಠ್ಯವೇ ಆಗಿತ್ತು. ಇಲ್ಲಿ ಮತ್ತೆ ನನ್ನ ಬಚ್ಚಲೊಲೆಗೆ ಹೋಗಬೇಕು. ನಾನು ಹಂಡೆಗೆ ಉರಿ ಹಾಕಿದೆ ಎಂದು ಮೇಲೆ ಜಂಬ ಕೊಚ್ಚಿಕೊಂಡೆನಲ್ಲ, ಅದು ರಜಾದಿನಗಳ ಲೆಕ್ಕ. ವರ್ಷದ ಉಳಿದ ದಿನಗಳಲ್ಲಿ ನಸುಕಿಗೆ ಎದ್ದು ಬೂದಿ ತೆಗೆದು ಒಲೆ ಹೊತ್ತಿಸುತ್ತಿದ್ದವಳು ಅಕ್ಕ. ಅದರ ನಂತರ ಅವಳು ಶಾಲೆಗೂ ಹೋಗಬೇಕಿತ್ತು. ಅವಳ ವ್ಯಕ್ತಿತ್ವ ವಿಕಸನವಾಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಹುಡುಗಿ ಮಾಡಿದರೆ ಮನೆಗೆಲಸ, ಹುಡುಗ ಮಾಡಿದರೆ ಚಾರಿತ್ರ್ಯ ನಿರ್ಮಾಣ! ಎಡಿನ್‌ಬರೋ ಡ್ಯೂಕ್ ಯೋಜನೆ ಹುಡುಗಿಯರಿಗಾಗಿ ಮನೆವಾರ್ತೆಯನ್ನು ಸೇರಿಸಿದ್ದರ ಹಿಂದೆ ಇದ್ದದ್ದು ಇದೇ ಕುರುಡು. ಉಳ್ಳವರ ಮನೆಯ ಹುಡುಗನನ್ನು ಊರಾಚೆಗೆ ಕಳಿಸಿ, ಸೌದೆ ಒಡೆಸಿ, ಅಡುಗೆ ಮಾಡಿಸಿ, ಹಾಸಿಗೆ ಮಡಚಿಸಿ, ಕಸ ಗುಡಿಸಿಸಿ ತಿದ್ದುತ್ತೇವೆ ಎನ್ನುವಾಗ, ಆ ಹುಡುಗನಿಗೆ ಮನೆಯಲ್ಲಿ ಕೊರತೆ ಇದ್ದದ್ದು ಸಾಹಸದ್ದಲ್ಲ ಎಂಬುದು ಬಯಲಾಗುತ್ತದೆ. ಅವನ ತಟ್ಟೆಯನ್ನು ಇನ್ನೊಬ್ಬರು ತೊಳೆಯುತ್ತಿದ್ದರು, ಅಷ್ಟೇ.

ಇದರ ಕತ್ತಲ ಮಗ್ಗುಲೊಂದಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದೂರದ ಜಾಗ, ಹುಡುಗರ ಗುಂಪು, ‘ಗಂಡಸಾಗಿ ತಾಳಿಕೋ’ ಎಂಬ ಮಂತ್ರ: ಈ ಮೂರೂ ಸೇರಿದ ಕಡೆ ದೂರು ಹೇಳುವುದೇ ಹೇಡಿತನವಾಗಿಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ಸಂಸ್ಥೆಗಳೊಳಗಿನ ಮಕ್ಕಳ ಲೈಂಗಿಕ ದೌರ್ಜನ್ಯದ ತನಿಖೆಗೆ ನೇಮಕಗೊಂಡ ರಾಯಲ್ ಕಮಿಷನ್ 2015ರಲ್ಲಿ ಜೀಲಾಂಗ್ ಗ್ರಾಮರ್ ಶಾಲೆಯ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಸಿತು. ಸ್ಕಾಟ್ಲೆಂಡಿನ ಇಂಥದ್ದೇ ಆಯೋಗ ಗಾರ್ಡನ್‌ಸ್ಟನ್ ಕಥೆಯನ್ನೂ ಬಿಡಿಸಿ ನೋಡಿ, ಅಲ್ಲಿ ಮಕ್ಕಳು ದೌರ್ಜನ್ಯ ಅನುಭವಿಸಿದ್ದನ್ನು ದಾಖಲಿಸಿತು. ಕರಾವಳಿ ಕಾವಲಿಗೆ ಹುಡುಗರನ್ನು ನಿಲ್ಲಿಸಿದ ಶಾಲೆಗೆ ಹುಡುಗರನ್ನು ಕಾಯುವುದು ಆಗಲಿಲ್ಲ. ಚಾರಿತ್ರ್ಯ ಕಟ್ಟುತ್ತೇವೆ ಎನ್ನುವ ಸಂಸ್ಥೆ ತನ್ನ ಚಾರಿತ್ರ್ಯವನ್ನು ತಪಾಸಣೆಗೆ ಒಡ್ಡಿಕೊಂಡಿದೆಯೇ, ಮಗು ರಾತ್ರಿ ಹತ್ತು ಗಂಟೆಗೆ ಮನೆಗೆ ಫೋನ್ ಮಾಡಬೇಕೆಂದರೆ ಮಾಡಲು ಬಿಡುತ್ತದೆಯೇ ಎಂದು ಕೇಳುವ ಪೋಷಕರನ್ನು ಅತಿ ಮುದ್ದಿನವರು ಎಂದು ಜರೆಯುವುದು ನಿಲ್ಲಬೇಕು.

ಕಳೆದ ವರ್ಷ ಪರಿಚಿತರೊಬ್ಬರ ಮಗ ಓದುವ ಶಾಲೆಯಲ್ಲಿ ಇಂಥದೊಂದು ಶಿಬಿರದ ಪೋಷಕರ ಸಭೆ ಇತ್ತು. ಅವರಿಗೆ ಬಿಡುವಿರಲಿಲ್ಲ, ನನ್ನನ್ನು ಕಳಿಸಿದರು. ಹುಡುಗರ ಶಾಲೆ. ಶಿಬಿರದ ಜಾಗ ಬೆಂಗಳೂರಿನಿಂದ ಎರಡು ಗಂಟೆಯ ದಾರಿಯ ರೆಸಾರ್ಟ್. ಪರದೆಯ ಮೇಲೆ ಚಿತ್ರಗಳು ಒಂದರ ಹಿಂದೊಂದು ಬಂದವು: ಜಿಪ್‌ಲೈನ್‌ನಲ್ಲಿ ತೂಗಾಡುವ ಹುಡುಗ, ಹಗ್ಗದ ಸೇತುವೆ, ಕೃತಕ ಬಂಡೆ, ರಾತ್ರಿಯ ಕ್ಯಾಂಪ್‌ಫೈರ್. ಪ್ರತಿ ಚಿತ್ರದ ಕೆಳಗೆ ಒಂದು ಗುಣದ ಹೆಸರು. ಜಿಪ್‌ಲೈನ್‌ಗೆ ಧೈರ್ಯ, ಸೇತುವೆಗೆ ತಂಡಸ್ಫೂರ್ತಿ, ಬಂಡೆಗೆ ಛಲ. ಕ್ಯಾಂಪ್‌ಫೈರ್‌ಗೆ ಯಾವ ಗುಣ ಎಂದು ನಾನು ಕುತೂಹಲದಿಂದ ಕಾದೆ, ‘ನೆಟ್‌ವರ್ಕಿಂಗ್’ ಎಂದಿತ್ತು. ಅಡುಗೆ ಯಾರು ಮಾಡುತ್ತಾರೆ ಎಂದು ಕೇಳಿದೆ. ಶಿಬಿರ ನಡೆಸುವ ತರುಣ ಬಹಳ ವಿನಯದಿಂದ, “ಕೇಟರಿಂಗ್ ಇದೆ ಸರ್, ತಟ್ಟೆ ಕೂಡ ಅವರೇ ತೆಗೆಯುತ್ತಾರೆ. ಮಕ್ಕಳಿಗೆ ಏನೂ ತೊಂದರೆ ಆಗುವುದಿಲ್ಲ” ಎಂದ. ಸಭೆಯಲ್ಲಿ ನೆಮ್ಮದಿಯ ನಿಟ್ಟುಸಿರು.

ಜಿಪ್‌ಲೈನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್ಟು, ಕೆಳಗೆ ಹಿಡಿಯಲು ಒಬ್ಬ ಇರುವಾಗ ಅದು ಜಾತ್ರೆಯ ತೊಟ್ಟಿಲಿನಷ್ಟೇ ಖುಷಿ ಕೊಡುತ್ತದೆ, ಜಾತ್ರೆಯ ತೊಟ್ಟಿಲಿನಷ್ಟೇ ಚಾರಿತ್ರ್ಯವನ್ನೂ ಕಟ್ಟುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಸೂಚಿಸಿದೆ. ಅದರ ಒಕ್ಕಣೆಯಲ್ಲಿರುವುದು ಬಡಗಿ, ಕುಂಬಾರ, ತೋಟಗಾರರ ಬಳಿ ಮಕ್ಕಳು ಕೂತು ಕೆಲಸ ಕಲಿಯಬೇಕೆಂಬುದು. ಬಡಗಿಯ ಬಳಿ ಕೂತ ಹುಡುಗ ಉಳಿ ತಪ್ಪಾಗಿ ಹಿಡಿದರೆ ಹಲಗೆ ಹಾಳಾಗುತ್ತದೆ, ಬಡಗಿ ಗದರುತ್ತಾನೆ, ಮತ್ತೆ ಕೂರಿಸುತ್ತಾನೆ. ಆ ಹತ್ತು ದಿನಗಳಿಗೆ ಬೆಂಗಳೂರಿನಿಂದ ಎರಡು ಗಂಟೆ ದೂರ ಹೋಗಬೇಕಿಲ್ಲ. ಶಾಲೆಯ ಹಿಂದಿನ ಬೀದಿಯಲ್ಲೇ ಒಬ್ಬ ಬಡಗಿ ಇರುತ್ತಾನೆ. ಅಂಥ ಶಿಬಿರದಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲ ಎಂಬುದೊಂದೇ ತೊಡಕು.

ಹಾಗಾದರೆ ನಿಜವಾದ ಕಾಡು, ನಿಜವಾದ ನದಿಗೇ ಕರೆದುಕೊಂಡು ಹೋಗೋಣ ಎಂದರೆ ಇನ್ನೊಂದು ಲೆಕ್ಕ ಎದುರಾಗುತ್ತದೆ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಸಾಹಸ ಕೇಂದ್ರವೊಂದರ ಮೂಲಕ ಕಯಾಕ್ ದೋಣಿಯಲ್ಲಿ ಹೊರಟ ನಾಲ್ವರು ವಿದ್ಯಾರ್ಥಿಗಳು ಸತ್ತರು. ಆ ಕಂಪನಿಯೂ ಅದರ ಮುಖ್ಯಸ್ಥನೂ ನರಹತ್ಯೆಯ ಅಪರಾಧಿಗಳೆಂದು ತೀರ್ಮಾನವಾಯಿತು; ಎರಡೇ ವರ್ಷದಲ್ಲಿ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ಬಂತು. ನ್ಯೂಜಿಲೆಂಡಿನ ಮಂಗಟೆಪೊಪೊ ಕಮರಿಯಲ್ಲಿ 2008ರ ಏಪ್ರಿಲ್ 15ರಂದು ದಿಢೀರನೆ ಏರಿದ ನೀರು ಆಕ್ಲೆಂಡಿನ ಶಾಲೆಯೊಂದರ ಆರು ಮಕ್ಕಳನ್ನೂ ಒಬ್ಬ ಶಿಕ್ಷಕರನ್ನೂ ಬಲಿ ತೆಗೆದುಕೊಂಡಿತು. ಅಲ್ಲೂ 2011ರಲ್ಲಿ ಸಾಹಸ ಚಟುವಟಿಕೆಗಳ ನಿಯಮ ಬಂತು, ನೋಂದಣಿ ಬಂತು, ತಪಾಸಣೆ ಬಂತು.

ಇಷ್ಟಾದರೂ 2023ರ ಮೇ 9ರಂದು ಅದೇ ನ್ಯೂಜಿಲೆಂಡಿನ ಉತ್ತರದಲ್ಲಿ, ಭಾರೀ ಮಳೆಯ ಎಚ್ಚರಿಕೆ ಇದ್ದ ದಿನ, ಫಂಗರೆ ಹುಡುಗರ ಪ್ರೌಢಶಾಲೆಯ ಹೊರಾಂಗಣ ಶಿಕ್ಷಣ ತರಗತಿ ಆಬಿ ಗುಹೆಗಳೊಳಗೆ ಇಳಿಯಿತು. ನೀರು ನುಗ್ಗಿತು. ಹದಿನೈದರ ಒಬ್ಬ ಹುಡುಗ ಹೊರಗೆ ಬರಲಿಲ್ಲ. ಅದು ರೆಸಾರ್ಟ್‌ನವರ ಶಿಬಿರವಲ್ಲ, ಶಾಲೆಯದ್ದೇ ಪಾಠ. ಬ್ರಿಟನ್ನಿನ ಪರವಾನಗಿ ಕಾಯ್ದೆಯೂ ತನ್ನದೇ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಶಾಲೆಗೆ ವಿನಾಯಿತಿ ಕೊಟ್ಟಿದೆ. ಮೇಷ್ಟರು ಮಕ್ಕಳನ್ನು ಬಲ್ಲವರು ಎಂಬುದು ಅದರ ತರ್ಕವಿರಬೇಕು. ಮಕ್ಕಳನ್ನು ಬಲ್ಲವರಿಗೆ ನದಿಯೂ ಗೊತ್ತಿರುತ್ತದೆ ಎನ್ನಲು ಆಧಾರವಿಲ್ಲ.

ಈ ಸಾವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಗ್ಗ ಹರಿದು, ಬಂಡೆ ಜಾರಿ ಸತ್ತವರ ಕಥೆ ಇದಲ್ಲ. ಮಳೆ, ಗಾಳಿ, ನೀರು. ನಮ್ಮ ನೆಲದ ನೆನಪುಗಳೂ ಹಾಗೆಯೇ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಅಣೆಕಟ್ಟೆಯ ನೀರು ಬಿಟ್ಟಾಗ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. 2024ರ ಜನವರಿಯಲ್ಲಿ ವಡೋದರದ ಕೆರೆಯಲ್ಲಿ ಪ್ರವಾಸದ ದೋಣಿ ಮಗುಚಿ ಹನ್ನೆರಡು ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲು ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ನುಂಗಿತು. ಕುಮಾರಪರ್ವತದ ಬುಡದಲ್ಲಿ 2024ರ ಜನವರಿಯ ರಜೆಯಲ್ಲಿ ಜನ ಕಿಕ್ಕಿರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿ, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿತು. ಕಾಡಿಗೆ ಅದರಿಂದ ಒಳ್ಳೆಯದಾಯಿತು. ಹತ್ತುವ ಹುಡುಗನ ಜೊತೆಗಿರುವವನಿಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆಗೆ ಟಿಕೆಟಿನಲ್ಲಿ ಉತ್ತರವಿಲ್ಲ. ಶಾಲೆಗಳ ಮಟ್ಟಿಗೆ ನಮ್ಮಲ್ಲಿ ಪ್ರತಿ ದುರಂತದ ಬೆನ್ನಿಗೆ ಒಂದು ಸುತ್ತೋಲೆ ಬರುತ್ತದೆ. ಮುಂದಿನ ಪ್ರವಾಸದ ಹೊತ್ತಿಗೆ ಅದು ಫೈಲಿನೊಳಗೆ ಬೆಚ್ಚಗೆ ಮಲಗಿರುತ್ತದೆ.

ಅಪಾಯವಿಲ್ಲದ ಹೊರಾಂಗಣ ಶಿಕ್ಷಣ ಇಲ್ಲ. ಸೌದೆ ಒಡೆಯುವ ಕೊಡಲಿಯೂ ಬೆರಳು ಕತ್ತರಿಸಬಲ್ಲದು. ಆದರೆ ಹುಡುಗ ನೋಡಿ ಅಳೆಯಬಹುದಾದ ಅಪಾಯ ಒಂದು, ದೊಡ್ಡವರು ನೋಡದೆ ಬಿಟ್ಟ ಅಪಾಯ ಇನ್ನೊಂದು. ಕೊಡಲಿ ಮೊದಲನೆಯದು, ಏರುವ ನದಿ ಎರಡನೆಯದು. ಮೊದಲನೆಯದರಿಂದ ಹುಡುಗ ಏನಾದರೂ ಕಲಿಯಬಹುದು. ಎರಡನೆಯದರಲ್ಲಿ ಕಲಿಯಬೇಕಾದವರು ಮೇಷ್ಟರು, ಮತ್ತು ಅವರು ಕಲಿಯಬೇಕಾದ ಪಾಠ ಒಂದೇ: ಬಸ್ಸಿನಲ್ಲಿ ನಲವತ್ತು ಹುಡುಗರು ಹಾಡುತ್ತಿರುವಾಗ, ಹಣ ಕಟ್ಟಿ ಆಗಿರುವಾಗ, ಪೋಷಕರಿಗೆ ಫೋಟೋ ಕಳಿಸುತ್ತೇವೆಂದು ಮಾತು ಕೊಟ್ಟಿರುವಾಗ, ಮೋಡ ನೋಡಿ ‘ಇವತ್ತು ಬೇಡ’ ಎನ್ನುವುದು. ಮೇಷ್ಟರು ಹಾಗೆ ಹಿಂದಿರುಗಿದ್ದನ್ನು ಕಣ್ಣಾರೆ ಕಂಡ ಹುಡುಗರಿಗೆ ಆ ದಿನದ ಪಾಠ ಸಿಕ್ಕಿಬಿಟ್ಟಿರುತ್ತದೆ.

ಆ ಪೋಷಕರ ಸಭೆಯಲ್ಲಿ ನಾನು ಕೇಳಿದ ಎರಡನೇ ಪ್ರಶ್ನೆ ಇದರ ಬಗ್ಗೆಯೇ ಇತ್ತು. ಶಿಬಿರದ ಎರಡನೇ ದಿನ ಹತ್ತಿರದ ಹೊಳೆ ದಾಟುವ ಚಟುವಟಿಕೆ ಇತ್ತು, ತಿಂಗಳು ಜುಲೈ. ಮಳೆ ಬಂದರೆ ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ, ಶಾಲೆಯ ಮೇಷ್ಟರಿಗೋ ನಿಮಗೋ ಎಂದು ಕೇಳಿದೆ. ವೇದಿಕೆಯ ಮೇಲಿದ್ದ ಮೇಷ್ಟರು ತರುಣನ ಮುಖ ನೋಡಿದರು, ತರುಣ ಮೇಷ್ಟರ ಮುಖ ನೋಡಿದ. ಆಮೇಲೆ ಅವನು ನಕ್ಕು ಹೇಳಿದ: “ಮಳೆ ಬಂದರೆ ಮಕ್ಕಳಿಗೆ ಇನ್ನೂ ಮಜಾ ಸರ್.”